ಬೋರ್ಡಿನವರೆಗೆ ನಡೆದು ಹೋಗುತ್ತಿದ್ದ ಕಾಕಾ

ಹಿಂದಿನ ದಿನ ಕಾರ್ಖಾನೆಯಲ್ಲಿ ಯಾವ ಬಣ್ಣ ಓಡಿತ್ತು ಎಂಬುದನ್ನು ಕಾಕಾ ಅವರ ಕಿವಿ ನೋಡಿ ಹೇಳಬಹುದಿತ್ತು. ಮುಖ ತಿಕ್ಕಿ ತೊಳೆದು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಹಣೆಗೆ ತೆಳ್ಳಗೆ ವಿಭೂತಿ ಎಳೆದುಕೊಂಡು ಬರುತ್ತಿದ್ದರು. ಆದರೂ ಕಿವಿಯ ಮಡಿಕೆಗಳಲ್ಲಿ ಒಂದು ಎಳೆ ನೀಲಿಯೋ ಕೆಂಪೋ ಉಳಿದೇ ಇರುತ್ತಿತ್ತು. ಕಪ್ಪು ಓಡಿದ ಮರುದಿನ ಮಾತ್ರ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಕಿವಿ ತಿಕ್ಕುತ್ತ ಕೂತಿರುತ್ತಿದ್ದರು. "ನೀಲಿ ಇದ್ರ ಮಂದಿ ಬಣ್ಣ ಅಂತಾರ, ಕರಿ ಇದ್ರ ಮೈ ತೊಳಕೊಂಡಿಲ್ಲ ಅಂತಾರ" ಎನ್ನುತ್ತಿದ್ದರು.

ಕುರ್ಲಾದ ಆ ಕಾರ್ಖಾನೆಯಲ್ಲಿ ಬಕೆಟ್, ಮಗ್, ಕುರ್ಚಿ ಮಾಡುವವರಿಗೆ ಬೇಕಾದ ಬಣ್ಣದ ಪ್ಲಾಸ್ಟಿಕ್ ಕಾಳು ತಯಾರಾಗುತ್ತಿತ್ತು. ಕಾಕಾ ಅಲ್ಲಿ ಮಿಕ್ಸರಿನ ಮಿಸ್ತ್ರಿ. ಮಿಕ್ಸರ್ ಎಂದರೆ ಎದೆಯೆತ್ತರದ ಉಕ್ಕಿನ ಹಂಡೆ. ಅದರ ತಳದಲ್ಲಿ ಮೋಟಾರಿನಿಂದ ತಿರುಗುವ ಅಲಗುಗಳು. ಒಂದು ಬಣ್ಣ ಮುಗಿದು ಇನ್ನೊಂದನ್ನು ಹಾಕುವ ಮೊದಲು ಯಾರಾದರೂ ಆ ಹಂಡೆಯೊಳಗೆ ಇಳಿದು, ಕುಕ್ಕರುಗಾಲಲ್ಲಿ ಕೂತು, ಮೂಲೆಗಳನ್ನೆಲ್ಲ ಕೆರೆದು ಒರೆಸಬೇಕಿತ್ತು. ಹದಿನಾರು ವರ್ಷ ಆ ಕೆಲಸ ಮಾಡಿದ್ದವರು ಕಾಕಾ.

ನಾನು ಆಗ ಅಂಧೇರಿಯ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಎರಡನ್ನೂ ಸೇರಿಸಿದ ಸ್ನಾತಕೋತ್ತರ ಕೋರ್ಸು ಓದುತ್ತಿದ್ದೆ. ಬೆಳಗ್ಗೆ ಯಂತ್ರಗಳ ಪಾಠ, ಮಧ್ಯಾಹ್ನ ಖರ್ಚು, ಮಾರುಕಟ್ಟೆ, ಜನರನ್ನು ನಡೆಸುವ ಬಗೆ. ಕೊನೆಯ ವರ್ಷ ಯಾವುದಾದರೂ ಕಾರ್ಖಾನೆಗೆ ಹೋಗಿ ಅಲ್ಲಿನ ಕೆಲಸದಲ್ಲಿ ಪೋಲಾಗುವ ಸಮಯವನ್ನು ಹುಡುಕಿ ವರದಿ ಬರೆಯಬೇಕಿತ್ತು. ನನಗೆ ಸಿಕ್ಕ ವಿಷಯ ಬಣ್ಣ ಬದಲಿಸಲು ಹಿಡಿಯುವ ಸಮಯ.

ಧಾರವಾಡದಿಂದ ಮುಂಬೈಗೆ ಬಂದ ಮನೆತನ ನಮ್ಮದು. ಕನ್ನಡದ ಓದುಬರಹವನ್ನು ಅವ್ವ ಮನೆಯಲ್ಲೇ ಕಲಿಸಿದ್ದಳು. ಆದರೆ ಬಾಯಿ ತೆರೆದರೆ ನನಗೆ ಹಿಂದಿಯೇ ಮೊದಲು ಬರುತ್ತಿತ್ತು. ಮೊದಲ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ತಡವರಿಸುತ್ತ ಕನ್ನಡ ಮಾತಾಡುವುದನ್ನು ಕೇಳಿ ಕಾಕಾ ಹತ್ತಿರ ಬಂದರು.

"ಯಾವೂರವಾ ನಿಂದು?"

"ಧಾರವಾಡ. ಮತಲಬ್, ಅಪ್ಪಂದು. ನಾನು ಇಲ್ಲೇ."

"ನಮ್ದು ವಿಜಾಪೂರದ ಕಡೆ. ಮತ್ತ ಇದೇನ ಕಲೀತಿ?"

ನಾನು ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿ, "ಅಂದ್ರ ಅರ್ಧ ಎಂಜಿನಿಯರ್, ಅರ್ಧ ಸೇಟ್" ಎಂದರು. ಅಂದಿನಿಂದ ದಿನವೂ ಬಾಗಿಲಲ್ಲೇ ಅದೇ ಪ್ರಶ್ನೆ.

"ಇವತ್ತ ಯಾವ ಅರ್ಧ ಬಂದೈತಿ?"

"ಎರಡೂ ಬಂದಾವ ಕಾಕಾ."

"ಹಂಗಾರ ಚಾ ಎರಡ ಹೇಳ್ತೀನಿ."

ಮೊದಲ ವಾರ ನಾನು ಬಹಳ ಹೆಮ್ಮೆಯಿಂದ ಒಂದು ಪಟ್ಟಿ ತಯಾರಿಸಿದ್ದೆ. ಬಣ್ಣಗಳನ್ನು ಯಾವ ಅನುಕ್ರಮದಲ್ಲಿ ಓಡಿಸಿದರೆ ತೊಳೆಯುವ ಕೆಲಸ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಕೈ ಒರೆಸಿಕೊಂಡು, ಬಗ್ಗಿ ನೋಡಿ, ಮಧ್ಯದಲ್ಲಿ ಒಂದು ಕಡೆ ಬೆರಳಿಟ್ಟರು. "ಕಿತ್ತಳಿ ಆದಮ್ಯಾಲ ಕೆಂಪು ಹಾಕ. ಹಸರು ಹಾಕಿದ್ರ ಎಲ್ಲಾ ಸಗಣಿ ಬಣ್ಣ ಆಕ್ಕೈತಿ." ನನ್ನ ಪಟ್ಟಿಯಲ್ಲಿ ಉಳಿದದ್ದೆಲ್ಲ ಅವರು ವರ್ಷಗಳಿಂದ ಮಾಡಿಕೊಂಡು ಬಂದದ್ದೇ ಆಗಿತ್ತು. "ಬಿಳಿ ಮೊದಲ, ಕರಿ ಕಡೀಗಿ. ಕರಿ ಮುಗಿದ ಕೂಡಲೇ ಬಿಳಿ ಮಾಡು ಅನ್ನಾಂವ ಮ್ಯಾಲ ಆಫೀಸಿನ್ಯಾಗ ಕುಂತಿರ್ತಾನ" ಎಂದು ನಕ್ಕರು. ವರದಿಯ ಆ ಅಧ್ಯಾಯಕ್ಕೆ ನನ್ನ ಅಧ್ಯಾಪಕರು ಬಹಳ ಮೆಚ್ಚುಗೆ ಸೂಚಿಸಿದರು. ಅದು ಕಾಕಾ ಅವರ ಅಧ್ಯಾಯ.

ನನ್ನದೇ ಆದ ಅಧ್ಯಾಯ ಇನ್ನೊಂದಿತ್ತು. ಹಂಡೆಗೆ ಇಳಿಯುವ ಮುನ್ನ ಕಾಕಾ ಪ್ರತಿ ಸಲವೂ ಷೆಡ್ಡಿನ ಆ ತುದಿಗೆ, ಚೀಲಗಳ ಸಾಲು ದಾಟಿ, ಮೇನ್ ಬೋರ್ಡಿನವರೆಗೆ ನಡೆದು ಹೋಗುತ್ತಿದ್ದರು. ಮಿಕ್ಸರನ್ನು ಬಂದ್ ಮಾಡುವ ಸ್ವಿಚ್ ಅಲ್ಲೇ ಇತ್ತು. ಬಂದ್ ಮಾಡಿ, ಮೂರು ಬಿಳಿ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡು ಮರಳುತ್ತಿದ್ದರು. ಒಳಗೆ ಕೆರೆಯುವಾಗ ಕಿಸೆಯಲ್ಲಿ ಅವು ಒಂದಕ್ಕೊಂದು ತಾಗುವ ಸದ್ದು ಹೊರಗೆ ಕೇಳುತ್ತಿತ್ತು. ಮುಗಿದ ಮೇಲೆ ಮತ್ತೆ ಅಷ್ಟೇ ನಡಿಗೆ. ಎರಡೂ ಸೇರಿ ಏಳು ನಿಮಿಷ.

"ಇಷ್ಟು ದೂರ ಯಾಕೆ ನಡೀತೀರಿ ಕಾಕಾ?" ಎಂದು ಕೇಳಿದೆ. ಕಾರ್ಖಾನೆಯ ಮಾಲೀಕ ಸೇಟ್ ಪಕ್ಕದಲ್ಲೇ ನಿಂತಿದ್ದರು.

"ಸಕ್ಕರಿ ಬ್ಯಾನಿಗಿ ನಡೀರಿ ಅಂತ ಡಾಕ್ಟರ್ ಹೇಳ್ಯಾರ. ಕುರ್ಲಾದಾಗ ಹೊರಗ ನಡ್ಯಾಕ ಜಾಗಾ ಎಲ್ಲೈತಿ?"

ಎಲ್ಲರೂ ನಕ್ಕರು. ನಾನೂ ನಕ್ಕು, ಕಾರಣದ ಕಾಲಮ್ಮಿನಲ್ಲಿ "ರೂಢಿ" ಎಂದು ಬರೆದು, ಆ ಏಳು ನಿಮಿಷಕ್ಕೆ ಕೆಂಪು ಬಣ್ಣ ಹಚ್ಚಿದೆ. ಕೆಂಪು ಎಂದರೆ ಪೋಲು. ಮಿಕ್ಸರಿನ ಪಕ್ಕದಲ್ಲೇ ಒಂದು ಸ್ವಿಚ್ ಕೂರಿಸಿದರೆ ನಡೆಯುವುದೇ ಬೇಕಿಲ್ಲ ಎಂದು ಸಲಹೆ ಬರೆದೆ. ಹದಿನೈದು ದಿನಗಳಲ್ಲಿ ಸೇಟ್ ಸ್ವಿಚ್ ಕೂರಿಸಿಬಿಟ್ಟರು. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ.

ಬದಲಾವಣೆಯ ನಂತರದ ಸಮಯ ಅಳೆಯಲು ನಾನು ಮತ್ತೆ ಮೂರು ದಿನ ಹೋಗಬೇಕಿತ್ತು. ಹೋಗಿ ನೋಡಿದರೆ ಕಾಕಾ ಕೆಂಪು ಗುಂಡಿ ಒತ್ತಿ, ಮೊದಲಿನ ಹಾಗೆಯೇ ಬೋರ್ಡಿನ ಕಡೆ ಹೊರಟಿದ್ದರು. ಒಂದು ನಿಮಿಷವೂ ಉಳಿದಿರಲಿಲ್ಲ. ನನ್ನ ವರದಿಯ ಕೊನೆಯ ಅಧ್ಯಾಯ, ಅದರ ಮೇಲೆ ನಿಂತ ಅಂಕ, ಅಂಕದ ಮೇಲೆ ನಿಂತ ನೌಕರಿ ಎಲ್ಲ ಆ ಮನುಷ್ಯನ ಜೊತೆ ಚೀಲಗಳ ನಡುವೆ ನಡೆದು ಹೋಗುತ್ತಿದ್ದ ಹಾಗೆ ಕಂಡಿತು. ನಾನು ಹಿಂದೆಯೇ ಓಡಿದೆ.

"ಕಾಕಾ, ಮೂರೇ ದಿನ. ಪ್ಲೀಸ್. ನಡೀಬೇಡಿ. ಆಮೇಲೆ ನಿಮಗೆ ಬೇಕಾದ ಹಾಗೆ ಮಾಡಿ."

ಅವರು ನಿಂತರು. ಬೋರ್ಡಿನ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಗಡಿಯಾರ ನೋಡಿದರು.

"ನಿನ್ನ ಪರೀಕ್ಷಾ ಅಲ್ಲ ಇದು?"

"ಹೌದು ಕಾಕಾ."

"ಆಗ್ಲಿ. ನೀ ಸ್ವಿಚ್ ಹತ್ರ ನಿಂದರು. ಅತ್ತಾಗ ಇತ್ತಾಗ ಹೋಗಬ್ಯಾಡ."

ಎರಡು ದಿನ ಅವರು ಹಾಗೆಯೇ ಇಳಿದರು. ಕಿಸೆಯ ಸದ್ದು ಇರಲಿಲ್ಲ. ನನ್ನ ಅಂಕಿಗಳು ಬೇಕಾದಂತೆಯೇ ಬಂದವು. ಎರಡನೆಯ ದಿನ ಅವರು ಒಳಗಿದ್ದಾಗ ಗೆಳತಿಯ ಫೋನ್ ಬಂತು. ಗದ್ದಲದಲ್ಲಿ ಕೇಳಿಸದೆ ಬಾಗಿಲಿನವರೆಗೆ ಹೋಗಿ ಮಾತಾಡಿ ಬಂದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ನಾನು ಅಳೆಯದೆ ಬಿಟ್ಟ ಹೊತ್ತು ಅದೊಂದೇ.

ಮೂರನೆಯ ದಿನ ಹಂಡೆಯ ಒಳಮೂಲೆಯ ಫೋಟೋ ಬೇಕೆಂದು ನಾನೇ ಇಳಿಯುತ್ತೇನೆ ಎಂದೆ. ಕಾಕಾ ಮೊದಲು ಬೇಡ ಎಂದರು. ನಾನು ಹಟ ಹಿಡಿದೆ. "ತಡಿ, ಒಳಗ ಕತ್ತಲ ಐತಿ, ಬ್ಯಾಟ್ರಿ ತರ್ತೀನಿ" ಎಂದು ಹೋದರು. ಟಾರ್ಚ್ ತಂದು ಕೊಟ್ಟರು. ನಾನು ಸ್ಟೂಲಿನ ಮೇಲೆ ಹತ್ತಿ ಇಳಿದು, ಅಲಗುಗಳ ನಡುವೆ ಕಾಲಿಟ್ಟು ಕೂತೆ. ಹೊರಗೆ ಪಾಳಿ ಬದಲಾಗುವ ಹೊತ್ತು. ಯಾರೋ ತೂಕದ ವಿಷಯಕ್ಕೆ ಕಾಕಾ ಅವರನ್ನು ಕರೆದರು. ನಾನು ಎರಡು ಫೋಟೋ ತೆಗೆದಿದ್ದೆ.

ಟಕ್.

ಉಕ್ಕಿನ ಗೋಡೆಯ ಆಚೆ, ನನ್ನ ಕಿವಿಗೆ ಒಂದು ಗೇಣು ದೂರದಲ್ಲಿ. ಅದು ಹಸಿರು ಗುಂಡಿ ಎಂದು ತಿಳಿಯುವಷ್ಟರಲ್ಲಿ ಇನ್ನೊಮ್ಮೆ, ಟಕ್. "ಅರೇ, ಚಾಲೂ ಕ್ಯೂಂ ನಹೀ ಹೋ ರಹಾ?" ಯಾಕೆ ಚಾಲೂ ಆಗುತ್ತಿಲ್ಲ ಎಂದಿತು ಒಂದು ದನಿ. ಪಾಳಿಗೆ ಬಂದ ಇನ್ನೊಬ್ಬ ಆಪರೇಟರ್. ಮಿಕ್ಸರ್ ಸುಮ್ಮನೆ ನಿಂತಿದೆ ಎಂದುಕೊಂಡಿದ್ದ. ನಾನು ಅಲಗುಗಳ ನಡುವಿನಿಂದ ಮೊಣಕಾಲು ಒಳಕ್ಕೆ ಎಳೆದುಕೊಂಡೆ. ಮೂರನೆಯ ಟಕ್. ಆಮೇಲೆ ಕಾಕಾ ಅವರ ದನಿ, ಏರದೆ, ಹತ್ತಿರ ಬರುತ್ತ, "ಹಾಥ್ ನಿಕಾಲ್. ಅಂದರ್ ಆದ್ಮೀ ಹೈ." ಕೈ ತೆಗೆ, ಒಳಗೆ ಮನುಷ್ಯರಿದ್ದಾರೆ.

ಅವರು ಕೈ ಹಿಡಿದು ನನ್ನನ್ನು ಮೇಲೆತ್ತಿದಾಗ ಅಂಗಿಯ ಕಿಸೆ ಜೋತು ಬಿದ್ದಿತ್ತು. ಟಾರ್ಚಿಗೆ ಹೋದವರು ಬೋರ್ಡಿಗೂ ಹೋಗಿ ಬಂದಿದ್ದರು. ನನಗೆ ಕೊಟ್ಟ ಮಾತು ತಪ್ಪಿದ್ದರು.

ಈಗಲೂ ಆಫೀಸಿನಲ್ಲಿ ಯಾರಾದರೂ ಪಕ್ಕದ ಮೇಜಿನಲ್ಲಿ ಪೆನ್ನಿನ ತುದಿ ಒತ್ತಿದರೆ ನನ್ನ ಮೊಣಕಾಲು ಒಳಕ್ಕೆ ಎಳೆದುಕೊಳ್ಳುತ್ತದೆ. ನಡುರಸ್ತೆಯಲ್ಲಿ, ಲೋಕಲ್ ರೈಲಿನಲ್ಲಿ, ಆ ಮೂರು ಸದ್ದುಗಳನ್ನು ಎಣಿಸುತ್ತೇನೆ. ಆದರೆ ಅವುಗಳಿಗಿಂತ ಹೆಚ್ಚು ಕಾಡುವುದು ಸದ್ದಿಲ್ಲದ ಆ ಎರಡು ದಿನಗಳು. ನಾನು ಒಳಗೆ ಇಳಿಯುವ ಮೊದಲು ಅವರು ಬೋರ್ಡಿನವರೆಗೆ ನಡೆದು ಹೋಗಿದ್ದರು. ಒಳಗೆ ಅವರಿದ್ದಾಗ ನಾನು ಫೋನಿಗೆ ಹೋಗಿದ್ದೆ.

ಚೀಲದ ಮೇಲೆ ಕೂರಿಸಿ, ನೀರು ಕೊಟ್ಟು, ಅವರು ಅಂದು ಹೇಳಿದ್ದು ಇಷ್ಟೇ. ಹಿಂದಿನ ಕಾರ್ಖಾನೆಯಲ್ಲಿ ಅವರ ಜೊತೆಗಾರನೊಬ್ಬ ಹೀಗೆ ಒಳಗಿದ್ದಾಗ ಯಾರೋ ಸ್ವಿಚ್ ಹಾಕಿದ್ದರು. "ಸ್ವಿಚ್ಚಿಗಿ ಯಾರ ಕೈ ಬೇಕಾದ್ರೂ ಹತ್ತೈತಿ. ಫ್ಯೂಸ್ ನನ್ನ ಕಿಸೇದಾಗಿದ್ರ ಯಾರ ಒತ್ತಿದ್ರೂ ಚಾಲೂ ಆಗಂಗಿಲ್ಲ."

"ಕೇಳಿದಾಗ ಯಾಕೆ ಹೇಳಲಿಲ್ಲ ಕಾಕಾ?"

"ನೀ ಹೊಸಾಕಿ ಇದ್ದಿ. ಅಂಜಿ ಬರೂದ ಬಿಟ್ಟೀ ಅಂತ." ಖಾಲಿ ಲೋಟ ಇಸಿದುಕೊಂಡು, "ಈಗ ಗೊತ್ತಾತಲ್ಲ, ಬರದ ಹಾಕು" ಎಂದರು.

ನಾನು ಬರೆಯಲಿಲ್ಲ. ವರದಿ ಕೊಡಲು ಐದು ದಿನವಿತ್ತು. ಕರಡು ಅಧ್ಯಾಪಕರಿಗೆ ಹಿಡಿಸಿತ್ತು. ಮೂರನೆಯ ದಿನದ ಅಳತೆ ಸಿಗಲಿಲ್ಲ ಎಂದು ಒಂದು ಸಾಲು ಸೇರಿಸಿ, ಎರಡು ದಿನದ ಅಂಕಿಗಳನ್ನು ಇಟ್ಟು ಮುಗಿಸಿದೆ. ಸೇಟ್‌ಗೆ ಬಾಯಿಮಾತಿನಲ್ಲಿ ಹೇಳೋಣ ಎಂದುಕೊಂಡಿದ್ದೆ. ಅವರ ಆಫೀಸಿನಲ್ಲಿ ವರದಿ ಒಪ್ಪಿಸಿದ ದಿನ ಪೇಡಾ ಹಂಚಿದರು, ಕೆಲಸಗಾರರನ್ನೂ ಕರೆದರು. ಕಾಕಾ ಬಾಗಿಲ ಹತ್ತಿರ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಹೊತ್ತಿಗೆ ಹೇಳುವುದು ಬೇಡ ಎನಿಸಿತು. ನನಗೆ ಪವಾಯಿಯಲ್ಲಿ ನೌಕರಿ ಸಿಕ್ಕಿತು. ಬೇರೆ ಬೇರೆ ಕಾರ್ಖಾನೆಗಳಿಗೆ ಸಲಹೆ ಕೊಡುವ ಕೆಲಸ.

ಹಬ್ಬಕ್ಕೊಮ್ಮೆ ಕಾಕಾ ಫೋನ್ ಮಾಡುತ್ತಿದ್ದರು. ನನ್ನ ಕನ್ನಡ ಸುಧಾರಿಸಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಕೆಲಸ ಹೇಗಿದೆ ಎಂದರೆ "ನಡದೈತಿ" ಎನ್ನುತ್ತಿದ್ದರು. ಕಳೆದ ಚಳಿಗಾಲದಲ್ಲಿ ಒಂದು ಮೀಟಿಂಗಿನ ನಡುವೆ ಫೋನಿನಲ್ಲಿ ಅವರ ನಂಬರಿನ ಕರೆ ಕಂಡಿತು. ಊಟದ ಹೊತ್ತಿಗೆ ತಿರುಗಿ ಮಾಡಿದರೆ ಒಂದು ಹೆಣ್ಣು ದನಿ. ಅವರ ಹೆಂಡತಿ, ಕಾಕು. ಕಾಕಾ ಹೋಗಿ ಮೂರು ದಿನವಾಗಿತ್ತು. ಬೆಳಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುವಾಗ ಎದೆನೋವು ಬಂದು ಅಲ್ಲೇ ಕೂತವರು ಏಳಲಿಲ್ಲವಂತೆ.

ಕುರ್ಲಾದ ಒಂದು ಚಾಳಿನ ಸಾಲುಕೋಣೆಗಳಲ್ಲಿದ್ದ ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಕಾಕು ಗೋಡೆಗೆ ಒರಗಿ ಕೂತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ತಿಳಿಯಿತು.

"ಆ ಮಿಕ್ಸರ್ ಗ್ವಾಡಿ ಮ್ಯಾಲಿನ ಹಾಳಿ ನೀ ಬರದದ್ದಲ್ಲ? ಯಾರ ಬಂದ್ರೂ ತೋರಸ್ತಿದ್ರಂತ, ನಮ್ಮ ಕಡೀ ಹುಡುಗಿ ಬರದಾಳ ಅಂತ."

ಸೇಟ್ ನನ್ನ ವರದಿಯ ಒಂದು ಪುಟವನ್ನು, ಬಣ್ಣ ಬದಲಿಸಲು ಹಿಡಿಯಬೇಕಾದ ನಿಮಿಷಗಳ ಸಮೇತ, ಲ್ಯಾಮಿನೇಟ್ ಮಾಡಿಸಿ ಅಲ್ಲಿ ಹಾಕಿಸಿದ್ದರು. ಕಾಕಾ ಆ ಪುಟದ ಕೆಳಗೇ ಏಳು ನಿಮಿಷ ತಡವಾಗಿ ಮುಗಿಸುತ್ತಿದ್ದರು, ಪ್ರತಿ ಸಲವೂ. ನಾಲ್ಕು ತಿಂಗಳು ನೋಡಿ ಅವರನ್ನು ಮಿಸ್ತ್ರಿಕಿಯಿಂದ ಬಿಡಿಸಿ ಚೀಲ ಹೊಲಿಯಲು ಕೂರಿಸಿದರು. ಬಯ್ದೇನೂ ಅಲ್ಲ. ವಯಸ್ಸಾಯಿತು, ಸಕ್ಕರೆ ಕಾಯಿಲೆ ಬೇರೆ, ಕೂತು ಕೆಲಸ ಮಾಡಿ ಎಂದರಂತೆ.

"ಕಾಕೂ, ಆ ಹಾಳೆಯ ಲೆಕ್ಕ ತಪ್ಪು. ತಪ್ಪು ಅಂತ ನನಗೆ ಗೊತ್ತಿತ್ತು" ಎಂದೆ.

"ಅವರೂ ಹಂಗ ಅಂತಿದ್ರು." ಕಾಕು ಸೆರಗಿನಿಂದ ಮೂಗು ಒರೆಸಿಕೊಂಡರು. "ಸೇಟ್‌ಗ ನೀವ ಹೇಳ್ರಿ ಅಂದ್ರ ಒಲ್ಲೆ ಅಂದ್ರು. ಅಕಿ ಹೆಸರ ಐತಿ ಅದರ ಮ್ಯಾಲ, ಅಕೀನ ಬಂದು ತಿದ್ದತಾಳ ಅಂದ್ರು."

ಅಲ್ಲಿಂದ ನೇರವಾಗಿ ಕಾರ್ಖಾನೆಗೆ ನಡೆದೆ. ಮಿಕ್ಸರ್ ಓಡುತ್ತಿತ್ತು. ಕಾಕಾ ಅವರ ಜಾಗದಲ್ಲಿ ಅಂದು ಹಸಿರು ಗುಂಡಿ ಒತ್ತಿದ್ದ ಆಪರೇಟರ್ ನಿಂತಿದ್ದ. ಅವನು ಫ್ಯೂಸ್ ಕೀಳುತ್ತಾನೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸೇಟ್‌ರನ್ನು ಕರೆತಂದು ಆ ಪುಟದ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಏಳು ನಿಮಿಷ ಯಾಕೆ ಬೇಕು, ಅಂದು ಒಳಗೆ ಯಾರಿದ್ದರು, ನಾನು ಏನು ಬರೆಯದೆ ಬಿಟ್ಟೆ. ಜಗಳವಾಡಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ಸೇಟ್ ಸ್ಟೂಲ್ ಎಳೆದು ತಾವೇ ಹತ್ತಿ, ಪುಟವನ್ನು ಗೋಡೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು.

"ಇಷ್ಟೇನಾ ಮೇಡಂ?" ಎಂದರು ಹಿಂದಿಯಲ್ಲಿ. "ಫೋನ್ ಮಾಡಿದ್ದರೂ ತೆಗೆದುಬಿಡುತ್ತಿದ್ದೆನಲ್ಲ."