ಮೋಡದ ಮೇಲೆ ನೀಲಕ್ಕ

ವಿಮಾನದಲ್ಲೇ ಕೂತು ಗೀಚುತ್ತಿದ್ದೇನೆ. ತಿಕೋಟಾದ ನನ್ನ ಅಕ್ಕ ನೀಲಕ್ಕನಿಗೆ ಶ್ವಾಸಕೋಶದ ಹಳೆಯ ಕಾಯಿಲೆ. ಮುಂಬಯಿಯಲ್ಲಿ ಅವಳಿಗೆ ಮೊದಲ ಮೊಮ್ಮಗಳು ಹುಟ್ಟಿದ್ದಾಳೆ. ರೈಲಿನ ಧೂಳು ಅವಳಿಗೆ ಆಗುವುದಿಲ್ಲ, ವಿಮಾನದಲ್ಲೇ ಹೋಗಿ ಎಂದರು ವಿಜಾಪುರದ ಡಾಕ್ಟರು.

ಬೆಳಗಾವಿ ವಿಮಾನ ನಿಲ್ದಾಣದಲ್ಲಿ ವಿಮಾನ ಕಂಪನಿಯ ಅಧಿಕಾರಿ ನಮ್ಮ ಆಕ್ಸಿಜನ್ ಸಿಲಿಂಡರನ್ನು ತಡೆದರು.

“ಇದು ಒಳಗ ನಡಿಯಂಗಿಲ್ರಿ. ನಮ್ಮದ ಸಿಲಿಂಡರ್ ಸೀಟಿನ ಬಾಜೂಕ ಇಟ್ಟೇವಿ.”

“ನಡುವ ಖಾಲಿ ಆದ್ರ?” ಅಕ್ಕ ಕೇಳಿದಳು.

“ಎರಡು ಇಟ್ಟೇವ್ರಿ, ಅಕ್ಕಾರ.”

ವಿಮಾನ ಓಡತೊಡಗಿದಾಗ ಅಕ್ಕ ಮಾಸ್ಕ್ ಹಾಕಿಕೊಂಡು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಮೇಲೇರಿದ ಮೇಲೆ ಅವಳ ಉಸಿರು ಸಮವಾಗಿಯೇ ಇತ್ತು, ಏರುಪೇರಾದದ್ದು ನನ್ನದು. ಒಮ್ಮೆಲೇ ಮಾಸ್ಕ್ ಎತ್ತಿ ಕೂಗಿದಳು: “ಲೇ ತಮ್ಮಾ, ಮೋಡ ಕೆಳಗ ಅದಾವ ನೋಡೋ!”

ಗಗನಸಖಿ ಓಡಿ ಬಂದು ಮಾಸ್ಕ್ ಸರಿಪಡಿಸಿದಳು. ಅಕ್ಕ ಮತ್ತೆ ಎತ್ತಿದಳು. “ನೀನೂ ನೋಡವಾ. ದಿನಾ ನೋಡಿ ಬ್ಯಾಸರ ಆಗೇತೇನು?”

ಆ ಹುಡುಗಿ ನಕ್ಕು, ಅಕ್ಕನ ಮಾಸ್ಕನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಕಿಟಕಿಯತ್ತ ಬಾಗಿದಳು.