ನಮ್ಮ ಕಟ್ಟೆಯ ನೆರಳು, ಗಿರಿಜಮ್ಮನ ಬಿಸಿಲು

ಹೋದ ತಿಂಗಳು ಒಂದು ಬೆಳಿಗ್ಗೆ ಮೇಕೆಯೊಂದು ನಮ್ಮ ಹಿಂದಿನ ಮನೆಯ ಗಿರಿಜಮ್ಮನ ಎರಡು ಸೀರೆ ಸಂಡಿಗೆಯನ್ನು ತಿಂದು ಹಾಕಿತು. (ಸೀರೆ ಉಳಿಯಿತು. ಅದರ ಮೇಲೆ ಒಣಗಲು ಇಟ್ಟಿದ್ದ ಸಂಡಿಗೆ ಹೋಯಿತು.) ಮೇಕೆಯನ್ನು ಬೈದು ಪ್ರಯೋಜನವಿಲ್ಲ. ತಪ್ಪು ಮೇಕೆಯದ್ದಲ್ಲ, ನನ್ನದು.

ಹೇಗೆ ಅಂತೀರಾ?

ಕಡೂರಿನ ನಮ್ಮ ಮನೆಯ ಹಿತ್ತಲಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಕಡಪ ಕಲ್ಲಿನ ದೊಡ್ಡ ಕಟ್ಟೆಯೊಂದಿದೆ. ಗಣಿತದ ಮೇಷ್ಟರ ಕೆಲಸದಿಂದ ರಿಟೈರ್ ಆದ ಮೇಲೆ ಆಸೆಪಟ್ಟು ಕಟ್ಟಿಸಿದ್ದು. ಸಂಜೆ ಅಲ್ಲಿ ಕುಳಿತು ಪೇಪರ್ ಓದಬೇಕು, ಈ ಅಂಕಣ ಬರೆಯಬೇಕು ಎಂಬ ಕನಸು. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ ಆ ಕಲ್ಲಿನ ಮೇಲೆ ದೋಸೆ ಹುಯ್ಯಬಹುದು. ಮೇಲೊಂದು ನೆರಳು ಬೇಕೇ ಬೇಕು. ಅದೂ ಪಿಂಚಣಿದಾರನ ಕೈಗೆ ಎಟುಕುವಂಥದ್ದು.

ಎರಡು ವಾರ ರಿಸರ್ಚ್ ಮಾಡಿದೆ. ತರೀಕೆರೆಯ ಗೆಳೆಯನೊಬ್ಬ ಹಾಕಿಸಿದ್ದ ಪಾಲಿಕಾರ್ಬೊನೇಟ್ ಶೀಟು ನೋಡಲು ಬಸ್ಸು ಹತ್ತಿ ಹೋದೆ. ನೋಡಲು ಚೆಂದ. ಕೆಳಗೆ ಕುಳಿತರೆ ಇಡ್ಲಿ ಪಾತ್ರೆಯೊಳಗೆ ಕುಳಿತ ಹಾಗೆ. ರೇಟು ಕೇಳಿದ ಮೇಲಂತೂ ಕುಳಿತಲ್ಲಿಂದ ಎದ್ದೇಬಿಟ್ಟೆ. ಟಾರ್ಪಾಲು ಅಗ್ಗ, ಆದರೆ ನಮ್ಮ ಕಡೆಯ ಗಾಳಿಗೆ ಎಷ್ಟು ದಿನ ನಿಂತೀತು? ತೆಂಗಿನ ಗರಿ ಪುಕ್ಕಟೆ ಸಿಗುತ್ತದೆ ನಿಜ. ವರ್ಷ ವರ್ಷ ಹೊದಿಸುವವರು ಯಾರು? ಇಲಿ ಬೇರೆ.

ಕೊನೆಗೆ ವೆಲ್ಡರ್ ಮಂಜಣ್ಣ ತೀರ್ಪು ಕೊಟ್ಟ. "ತಗಡಿನ ಶೀಟ್ ಹಾಕ್ಸ್‌ಬಿಡಿ ಮೇಷ್ಟ್ರೇ. ಇಪ್ಪತ್ತು ವರ್ಷ ತಿರುಗಿ ನೋಡಂಗಿಲ್ಲ."

ಹಾಕಿಸಿಬಿಟ್ಟೆ. ಹನ್ನೊಂದು ಅಡಿ ಎತ್ತರದ ಕಂಬಗಳು, ಮೇಲೆ ಉದ್ದಕ್ಕೂ ಶೀಟು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಕೆಳಗೆ ಮಹಾರಾಜನಂತೆ ಕುಳಿತೆ.

ಮೂರನೆಯ ಬೆಳಿಗ್ಗೆ ಗೋಡೆಯಾಚೆ ಕೂಗಾಟ. ಎದ್ದು ಇಣುಕಿದೆ. ಗಿರಿಜಮ್ಮ ಪೊರಕೆ ಹಿಡಿದು, ಅವರ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮೇಕೆ ಅಟ್ಟುತ್ತಿದ್ದರು. ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ, ಮದುವೆ ಮನೆಗಳಿಗೆ ಕೊಟ್ಟು, ಅದರಲ್ಲೇ ಮಗಳನ್ನು ಬಿ.ಎಡ್. ಓದಿಸುತ್ತಿರುವ ಹೆಣ್ಣುಮಗಳು ಅವರು.

"ಏನಾಯ್ತು ಗಿರಿಜಮ್ಮ?"

"ಆಗೋದೇನು ಮೇಷ್ಟ್ರೇ, ಎರಡು ಸೀರೆ ಸಂಡಿಗೆ ಬಳ್ಕೊಂಡು ತಿಂದ್ಬಿಡ್ತು. ಭಾನುವಾರ ಅಜ್ಜಂಪುರದ ಮದ್ವೆ ಮನೆಗೆ ಕೊಡ್ಬೇಕಿತ್ತು."

"ಅಲ್ಲಿ ಯಾಕೆ ಹಾಕಿದ್ರಿ? ನಿಮ್ಮ ಹಿತ್ತಲಲ್ಲೇ ಹಾಕ್ಬಾರ್ದಿತ್ತಾ?"

ಅವರು ಪೊರಕೆ ಎತ್ತಿ ನನ್ನ ತಲೆಯ ಮೇಲೆ ತೋರಿಸಿದರು. ಶೀಟಿನ ಕಡೆಗೆ.

ಆಗ ಕಂಡಿತು ನೋಡಿ. ನಮ್ಮ ಹಿತ್ತಲಿನ ಪಶ್ಚಿಮಕ್ಕೆ ಅವರ ಹಿತ್ತಲು, ಅದರಾಚೆಗೆ ಅವರ ಹಂಚಿನ ಮನೆ. ಮಧ್ಯಾಹ್ನ ಎರಡಾದರೆ ಅವರ ಮನೆಯ ನೆರಳೇ ಹಿತ್ತಲಿಗೆ ಬೀಳುತ್ತದೆ. ಅವರಿಗಿದ್ದದ್ದು ಬೆಳಗಿನ ಬಿಸಿಲೊಂದೇ. ಈಗ ಹತ್ತು ಗಂಟೆಯವರೆಗೂ ಅಲ್ಲಿ ನನ್ನ ಶೀಟಿನ ನೆರಳು ಮಲಗಿರುತ್ತಿತ್ತು. ನಡುವೆ ಉಳಿದ ಬಿಸಿಲಿಗೆ ಸಂಡಿಗೆ ಒಣಗುವುದೆಲ್ಲಿ?

"ಒಂದು ಮಾತು ಹೇಳ್ಬಾರ್ದಿತ್ತಾ?" ಎಂದೆ.

"ನಿಮ್ ಜಾಗದಲ್ಲಿ ನೀವು ಹಾಕ್ಸ್ಕೊಂಡ್ರಿ. ನಾನ್ಯಾವ ಬಾಯಲ್ಲಿ ಬ್ಯಾಡ ಅನ್ಲಿ?"

ಒಳಗೆ ಬಂದೆ. ಮಡದಿ ವಿಮಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮೂವತ್ತು ವರ್ಷ ಮಕ್ಕಳ ಕೈಲಿ ಕಂಬದ ನೆರಳಿನ ಲೆಕ್ಕ ಮಾಡ್ಸಿದ್ರಲ್ಲ. ಮನೆ ಲೆಕ್ಕ ಬಂದಾಗ ಎಲ್ ಹೋಯ್ತು ರೀ ಆ ಬುದ್ಧಿ?"

ನಿಜ ಹೇಳುತ್ತೇನೆ, ಅರ್ಧ ಗಂಟೆ ಮನಸ್ಸಿನಲ್ಲೇ ವಾದ ಮಾಡಿದೆ. ನನ್ನ ಸೈಟು, ನನ್ನ ಗೋಡೆ, ನನ್ನ ಶೀಟು. ಯಾವ ಕೋರ್ಟಿಗೆ ಹೋದರೂ ಗೆಲ್ಲುವ ಕೇಸು. ಆದರೆ ಕಿಟಕಿಯಿಂದ ನೋಡಿದರೆ ಗಿರಿಜಮ್ಮ ಖಾಲಿ ಸೀರೆ ಕೊಡವಿ ಮಡಚುತ್ತಿದ್ದರು. ಇದನ್ನು ಗೆದ್ದು ನಾನು ಮಾಡುವುದೇನು? ಮಂಜಣ್ಣನಿಗೆ ಫೋನ್ ಮಾಡಿದೆ. "ಶೀಟು ಬಿಚ್ಚಪ್ಪ."

"ಹಾಕಿ ಮೂರು ದಿನ ಆಗಿಲ್ಲ ಕಣ್ರೀ! ಸೋರುತ್ತಾ?"

"ಸೋರಲ್ಲ. ಬಿಚ್ಚು."

ಅಂದೇ ಶೀಟು ಇಳಿಯಿತು. (ಮಂಜಣ್ಣ ಅದನ್ನು ಯಾರದೋ ದನದ ಕೊಟ್ಟಿಗೆಗೆ ಸಾಗಿಸಿದ. ದನಗಳಾದರೂ ಸುಖವಾಗಿರಲಿ.) ಮರುದಿನ ವಿಮಲ ನಸುಕಿನಲ್ಲೇ ಗಿರಿಜಮ್ಮನ ಮನೆಗೆ ಹೋಗಿ ಹಿಟ್ಟು ಕಾಯಿಸಲು ನಿಂತಳು. ಅವರ ಹಿತ್ತಲು ಸಾಲದೆ ನಮ್ಮ ಕಟ್ಟೆಯ ಮೇಲೂ ಸೀರೆ ಹಾಸಿದೆವು. ನಾನು ಕೋಲು ಹಿಡಿದು ಕಾಗೆ ಕಾದೆ. ಕಡಪ ಕಲ್ಲಿನ ಕಾವಿಗೆ ಸಂಡಿಗೆ ಗರಿಗರಿಯಾಗಿ ಒಣಗಿತು. ಶನಿವಾರ ಸಂಜೆ ಡಬ್ಬಗಳು ಅಜ್ಜಂಪುರದ ಬಸ್ಸು ಹತ್ತಿದವು. ನನ್ನ ಎದೆಯ ಮೇಲಿನ ಭಾರವೂ ಇಳಿಯಿತು.

ಅಂದು ಗಿರಿಜಮ್ಮ ನಮ್ಮ ಕಟ್ಟೆಯ ಮೇಲೆ ಸೀರೆ ಮಡಚುತ್ತಾ ಕೇಳಿದರು.

"ಮೇಷ್ಟ್ರೇ, ನಿಮ್ಗೆ ನೆಳ್ಳು ಎಷ್ಟೊತ್ಗೆ ಬೇಕು?"

"ಮಧ್ಯಾಹ್ನ ಮೂರರ ಮೇಲೆ."

"ನಂಗೆ ಬಿಸ್ಲು ಬೇಕಿರೋದು ಬೆಳಿಗ್ಗೆ. ಮತ್ತೆ ದಿನಪೂರ್ತಿ ಯಾಕೆ ಮುಚ್ಚಿದ್ರಿ? ಕಿಟಕಿ ಪರದೆ ತರ ಎಳ್ಯಂಗೆ ಮಾಡ್ಸಿ ಅತ್ಲಾಗೆ."

ನನ್ನ ಎರಡು ವಾರದ ರಿಸರ್ಚು ಅವರ ಆ ಮಾತಿನ ಮುಂದೆ ಮಕಾಡೆ ಮಲಗಿತು.

ಕಂಬಗಳು ಹೇಗೂ ಇದ್ದವು. ಮಂಜಣ್ಣ ಅವುಗಳ ನಡುವೆ ನಾಲ್ಕು ತಂತಿ ಬಿಗಿದ. ನರ್ಸರಿಯವರು ಸಸಿಗಳ ಮೇಲೆ ಕಟ್ಟುತ್ತಾರಲ್ಲ, ಆ ಹಸಿರು ಶೇಡ್ ನೆಟ್ ತಂದೆ. ಗಿರಿಜಮ್ಮನ ಮಗಳು ಮೆಷಿನ್ನಿನಲ್ಲಿ ಅಂಚು ಮಡಚಿ ಹೊಲಿದು ರಿಂಗು ಹಾಕಿಕೊಟ್ಟಳು. ಇಳಿಬಿಸಿಲಿಗೆ ಅಡ್ಡವಾಗಲೆಂದು ಪಶ್ಚಿಮದ ಕಡೆ ಒಂದಿಷ್ಟು ಜೋತುಬಿಟ್ಟೆವು. ಹಗ್ಗ ಎಳೆದರೆ ನೆರಳು, ಇನ್ನೊಂದು ಹಗ್ಗ ಎಳೆದರೆ ಬಿಸಿಲು. ಗಾಳಿ ಜೋರಾದರೆ ಮುದುರಿ ಕಟ್ಟಿದರಾಯಿತು. ಮಳೆ ತಡೆಯುವುದಿಲ್ಲ, ಒಪ್ಪಿದೆ. ಮಳೆಯಲ್ಲಿ ಹಿತ್ತಲಲ್ಲಿ ಕೂರುವವರಾದರೂ ಯಾರು? ನಾನು ನೋಡಿದ ಶೀಟುಗಳಿಗೆಲ್ಲ ಹೋಲಿಸಿದರೆ ಬಲು ಅಗ್ಗ. ನೀವೂ ಹಿತ್ತಲಿಗೆ ನೆರಳು ಹುಡುಕುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಮಾಡಿಸಿ. ಗ್ಯಾರಂಟಿ ನನ್ನದು.

ಇಷ್ಟಾದ ಮೇಲೆ ನನಗೊಂದು ಚಟ ಹತ್ತಿದೆ. ಊರಲ್ಲಿ ಓಡಾಡುವಾಗ ಯಾರ ಮನೆಯದು ಯಾರ ಮೇಲೆ ಬೀಳುತ್ತಿದೆ ಎಂದು ನೋಡುವುದು. ಒಬ್ಬರ ಎ.ಸಿ.ಯ ಬಿಸಿಗಾಳಿ ಇನ್ನೊಬ್ಬರ ದೇವರ ಮನೆಗೆ. ಒಬ್ಬರ ತಾರಸಿ ನೀರು ಇನ್ನೊಬ್ಬರ ಬಾಗಿಲಿಗೆ. ಯಾರೂ ಕೆಟ್ಟವರಲ್ಲ. ಎಲ್ಲರೂ ‘ನಮ್ಮ ಜಾಗದಲ್ಲಿ’ ಮಾಡಿಕೊಂಡವರೇ. ಎದುರಿನವರು ಹಲ್ಲು ಕಚ್ಚಿ ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಅಂದುಕೊಂಡವರು.

ವಾಸ್ತು ಕೇಳುವುದಕ್ಕೆ ಬಸ್ಸು ಹತ್ತಿ ಊರೂರು ತಿರುಗುವ ನಮಗೆ, ಗೋಡೆಯಾಚೆ ಕತ್ತು ಚಾಚಿ ‘ನಿಮಗೇನೂ ತೊಂದರೆ ಇಲ್ಲ ತಾನೇ?’ ಎಂದು ಕೇಳುವುದು ಅಷ್ಟೊಂದು ದೂರದ ಪ್ರಯಾಣವೇ?