ಮೇಡಂ ಬಂದ್ರು, ನೆಟ್ಟಗೆ ಕೂತ್ಕೊಳ್ರಿ!

ಕಳೆದ ಭಾನುವಾರ ನಮ್ಮ ಇಡೀ ಆಫೀಸು ಟೆಂಪೋ ಮಾಡ್ಕೊಂಡು ಭದ್ರಾವತಿಗೆ ಹೋಗಿ ಹೋಳಿಗೆ ಊಟ ಹೊಡೆದು ಬಂತು. ನಾನೊಬ್ಬಳು ಶಿವಮೊಗ್ಗದಲ್ಲಿ, ವಿನೋಬನಗರದ ಬಾಡಿಗೆ ರೂಮಲ್ಲಿ ಉಪ್ಪಿಟ್ಟು ಕೆದಕ್ತಾ ಕೂತಿದ್ದೆ.

ಭದ್ರಾವತಿ ನನ್ನ ಸ್ವಂತ ಊರು ಕಣ್ರೀ! (ಅದಕ್ಕೇ ಹೊಟ್ಟೆ ಇನ್ನೂ ಜಾಸ್ತಿ ಉರಿದಿದ್ದು.)

ನಾನು ಫಿಸಿಯೋಥೆರಪಿಸ್ಟ್. ಭದ್ರಾವತಿಯ ಸಣ್ಣ ಕ್ಲಿನಿಕ್ಕೊಂದರಲ್ಲಿ ವರ್ಷಗಟ್ಟಲೆ ಕಾರ್ಖಾನೆಯವರ ಸೊಂಟ, ಮಂಡಿ ನೋಡಿದವಳು. ವಯಸ್ಸಾಯ್ತು ಅಂತ ಡಾಕ್ಟ್ರು ಕ್ಲಿನಿಕ್ ಮುಚ್ಚಿದ್ರು. ಸಿಕ್ಕಿದ್ದು ಶಿವಮೊಗ್ಗದ ಇನ್ಶೂರೆನ್ಸ್ ಆಫೀಸಲ್ಲಿ ಕ್ಲೇಮ್ ಫೈಲ್ ನೋಡೋ ಕೆಲಸ. ಎಲ್ಲಾ ಹೊಸ ಮುಖ. ಯಾರ ಜೊತೆ ಮಾತಾಡೋದು? ಊಟಕ್ಕೆ ಯಾರ ಪಕ್ಕ ಕೂರೋದು?

ಒಂದು ದಿನ ಪಕ್ಕದ ಸೀಟಿನ ಶೈಲಜಾ ಮೇಲಿನ ಶೆಲ್ಫಿಂದ ಫೈಲ್ ತೆಗೆಯೋಕೆ ಹೋಗಿ “ಅಮ್ಮಾ” ಅಂತ ಭುಜ ಹಿಡ್ಕೊಂಡಳು. ಕೈ ಕಿವಿ ಮಟ್ಟಕ್ಕೂ ಏಳ್ತಿರಲಿಲ್ಲ. ಬಿಡ್ತೀನಾ ನಾನು? ದಿನಾ ಊಟದ ಹೊತ್ತಲ್ಲಿ ಬೀರು ಪಕ್ಕದ ಗೋಡೆಗೆ ಅವಳನ್ನ ನಿಲ್ಲಿಸಿ, ಬೆರಳುಗಳನ್ನ ಮೆಲ್ಲಗೆ ಮೇಲಕ್ಕೆ ಹತ್ತಿಸಿದೆ. “ಇನ್ನೊಂದು ಚೂರು ಶೈಲಜಾ, ಇನ್ನೊಂದೇ ಚೂರು.” ಕೆಲವು ತಿಂಗಳಲ್ಲಿ ಅವಳ ಜಡೆ ಅವಳೇ ಹಾಕ್ಕೊಳ್ಳೋ ಹಾಗಾಯ್ತು.

ಸುದ್ದಿ ಹಬ್ಬಿತು. ಮ್ಯಾನೇಜರ್ ಕತ್ತು ತಂದರು, ಕ್ಯಾಷಿಯರ್ ಮಂಡಿ ತಂದರು. ನನಗೋ ಖುಷಿಯೋ ಖುಷಿ. ಇವರೆಲ್ಲಾ ಇನ್ನು ನಮ್ಮೋರು ಅಂದ್ಕೊಂಡೆ. ಎಂಥ ಪೆದ್ದು!

ಖುಷಿಯಲ್ಲಿ ಬಾಯಿ ಸುಮ್ಮನಿರಬೇಕಲ್ಲ? ಬಗ್ಗಿ ಕೂರಬೇಡಿ, ಕತ್ತು ಬಗ್ಗಿಸಿ ಮೊಬೈಲ್ ನೋಡಬೇಡಿ, ಮಂಡಿ ನೋವಿದ್ದೋರು ನೆಲಕ್ಕೆ ಕೂರಲೇಬೇಡಿ. ನಾನು ಟಿಫಿನ್ ಬಾಕ್ಸ್ ಹಿಡ್ಕೊಂಡು ಊಟದ ಟೇಬಲ್ ಹತ್ರ ಬಂದ್ರೆ ಸಾಕು, “ಮೇಡಂ ಬಂದ್ರು, ನೆಟ್ಟಗೆ ಕೂತ್ಕೊಳ್ರಿ!” ಎಲ್ಲರೂ ಸೆಟೆದು ಕೂರೋರು. ನಗು ನಿಲ್ಲೋದು. ಪಲ್ಯ ಅದಲು ಬದಲು ಮಾಡ್ಕೊಳ್ಳೋದೂ ನಿಲ್ಲೋದು. ಗಬಗಬ ತಿಂದು ಎದ್ದು ಹೋಗೋರು. ನಾನು ಅದನ್ನ ಮರ್ಯಾದೆ ಅಂದ್ಕೊಂಡಿದ್ದೆ.

ಶೈಲಜಾ ಭದ್ರಾವತಿಯಲ್ಲಿ ಮನೆ ಕಟ್ಟಿಸಿದ್ಲು. “ಗೃಹಪ್ರವೇಶದ ತೋರಣ ನಾನೇ ಕೈ ಎತ್ತಿ ಕಟ್ತೀನಿ ಮೇಡಂ” ಅಂದಿದ್ಲು. ಟೆಂಪೋ ಗೊತ್ತು ಮಾಡೋ ಮಾತು ಕಿವಿಗೆ ಬಿತ್ತು. ಶನಿವಾರ ಸಂಜೆವರೆಗೂ ಕಾದೆ. ಕರೀಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು, ಬೆಳಗ್ಗೆ ಫೋನ್ ಮಾಡ್ತಾಳೆ ಅಂತ ಭಾನುವಾರ ರೇಷ್ಮೆ ಸೀರೆ ಉಟ್ಟು ರೆಡಿಯಾಗಿ ಕೂತೆ. (ನಗಬೇಡಿ.) ಮಧ್ಯಾಹ್ನ ಸೀರೆ ಮಡಚಿಟ್ಟು ಉಪ್ಪಿಟ್ಟಿಗೆ ನೀರಿಟ್ಟೆ. ಅಳು ಬಂತು, ಸುಳ್ಳು ಯಾಕೆ ಹೇಳ್ಲಿ.

ಸೋಮವಾರ ನೇರವಾಗಿ ಕೇಳೇಬಿಟ್ಟೆ. “ನನ್ನೊಬ್ಬಳನ್ನ ಯಾಕೆ ಕರೀಲಿಲ್ಲ ಶೈಲಜಾ?”

ಅವಳ ಮುಖ ಸಣ್ಣಗಾಯ್ತು. “ಬೇಜಾರು ಮಾಡ್ಕೋಬೇಡಿ ಮೇಡಂ. ಎಲೆ ಹಾಕಿ ನೆಲದ ಮೇಲೇ ಪಂಕ್ತಿ ಆಗ್ಬೇಕು ಅಂತ ನಮ್ಮತ್ತೆ ಹಟ. ನೀವಿದ್ರೆ ಕ್ಯಾಷಿಯರ್ ಸಾರ್ ಕೂರೋ ಹಂಗಿಲ್ಲ, ಮ್ಯಾನೇಜರ್ ಬಗ್ಗೋ ಹಂಗಿಲ್ಲ. ಪಾಪ, ಒಂದು ದಿನ ಎಲ್ರೂ ಆರಾಮಾಗಿ ಉಣ್ಲಿ ಅಂತ...”

ಅಂದ್ರೆ, ನಾನಿದ್ರೆ ಆರಾಮಿಲ್ಲ! ಜನರಿಗೆ ಆರಾಮ ಮಾಡೋದೇ ನನ್ನ ಕಸುಬು.

ನಾವೆಲ್ಲಾ ಹೀಗೇ ಅಲ್ವಾ? ಮೇಷ್ಟ್ರು ಎದುರಿಗೆ ಬಂದ್ರೆ ಪಕ್ಕದ ರಸ್ತೆ ಹಿಡೀತೀವಿ. ಮದುವೆ ಮನೇಲಿ ಶುಗರ್ ಡಾಕ್ಟ್ರು ಪಕ್ಕದ ಎಲೆಗೆ ಬಂದ್ರೆ ಜಾಮೂನು ಮುಚ್ಚಿಡ್ತೀವಿ. ಕೆಲಸ ಆಗೋವರೆಗೂ ಅವರು ಬೇಕು. ಹರಟೆಗೆ, ಹಬ್ಬಕ್ಕೆ? ಅವರಿಗೂ ಮನೆಗೆ ಹೋದ್ಮೇಲೆ ಗೋಡೆಗಳೇ ಗತಿ ಇರಬಹುದು ಅಂತ ಯಾರಿಗಾದ್ರೂ ಹೊಳೆಯುತ್ತಾ?

ಆದ್ರೂ ಶೈಲಜಾಗೆ ಹೇಳಿದೆ. “ನೆಲದ ಮೇಲೆ ಕೂತು ಉಣ್ಣೋದು ನಂಗೂ ಇಷ್ಟ ಮಾರಾಯ್ತಿ. ನಿಮ್ಮ ಜೊತೆ ನಾನೂ ಚಕ್ಕಳಮಕ್ಕಳ ಹಾಕ್ಕೊಂಡು ಕೂರ್ತಿದ್ದೆ.”

ಶೈಲಜಾ ಮುಖ ಅರಳಿತು. ತಿರುಗಿ, ಇಡೀ ಆಫೀಸಿಗೆ ಕೇಳೋ ಹಾಗೆ ಕೂಗಿದಳು. “ಕ್ಯಾಷಿಯರ್ ಸಾರ್, ನೆಲಕ್ಕೆ ಕೂರಬಹುದಂತೆ! ಮೇಡಮ್ಮೇ ಹೇಳಿದ್ರು!”

ಇದಕ್ಕೆ ಯಾವ ಎಕ್ಸರ್‌ಸೈಜ್ ಹೇಳಿಕೊಡ್ಲಿ, ನೀವೇ ಹೇಳಿ?